ಓಗಲ್ಲ, ಓಗಲಾ

ಟಾರ್ಪಾಲು ಮತ್ತೆ ಎದ್ದಿತು, ಆಡಿ ಎಂಬ ಆಷಾಢದ ಗಾಳಿ ಪಾಲಕ್ಕಾಡು ಕಣಿವೆಯಿಂದ ನುಗ್ಗಿ ಬಂದರೆ ಸಿಂಗಾನಲ್ಲೂರಿನ ಟೀ ಅಂಗಡಿಗಳೆಲ್ಲ ಹಾರಿಹೋಗುವ ಹಾಗೆ ಆಡುತ್ತವೆ, ನನ್ನ ಗ್ಲಾಸಿನ ನೊರೆಯೂ ಒಂದು ಕಡೆಗೆ ಸರಿದು ನಿಂತಿದೆ, ಆ ಪಟಪಟದ ನಡುವೆ ದೀನದಯಾಳನ್ ಏನೋ ಕೇಳಿದ, ನನ್ನನ್ನೇ ಕೇಳಿದ್ದು, ಎಲ್ಲರೂ ನನ್ನ ಕಡೆ ತಿರುಗಿದ್ದಾರೆ — ಕಮಲಾತಾಳ್ ಅಕ್ಕಾ, ಸೊಲ್ಲುಂಗ, ಹೇಳಿ, ನಿವೇತಾ ನಿಮ್ಮ ಹತ್ತಿರ ಹೇಳಿದ್ದು ಅದೇ ತಾನೆ, ತಿರುಪ್ಪೂರು ಬ್ಯಾಸ್ಕೆಟ್‌ಬಾಲ್ ಟೀಮಿಗೆ ಹೋಗುವುದಿಲ್ಲ ಅಂತ ತಾನೆ — ಹೌದಪ್ಪಾ ಅದೇ, ಎಂದೆ, ಎಂದ ಮೇಲೆ ಟೀ ಕುಡಿದೆ. ಅದೇನಾ. ಭಾನುವಾರ ಸಂಜೆ ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ಆ ಹುಡುಗಿ ನನ್ನ ಎಡಗಡೆ ನಿಂತು ಹೇಳಿದ್ದು ಓಗಲ್ಲ ಅಂತಲಾ, ಓಗಲಾ ಅಂತಲಾ. ಅಜ್ಜಿ, ನಾ ತಿರುಪ್ಪೂರ್ಗೆ ಓಗಲ್ಲ. ಅಜ್ಜಿ, ನಾ ತಿರುಪ್ಪೂರ್ಗೆ ಓಗಲಾ. ಒಂದು ಹೋಗುವುದಿಲ್ಲ ಎಂಬ ಹಟ, ಇನ್ನೊಂದು ಹೋಗಲೇ ಎಂಬ ಕೇಳಿಕೆ, ನಾಲಿಗೆ ಒಂದು ಚೂರು ಒತ್ತಿತೋ ಎಳೆಯಿತೋ ಅಷ್ಟೇ ವ್ಯತ್ಯಾಸ, ಅಷ್ಟರಲ್ಲಿ ಪಲ್ಲಡಂ ಬಸ್ಸು ಹಾರ್ನ್ ಹೊಡೆಯಿತು. ನಾನು ಹ್ಞೂಂ ಕಣ್ಣು ಎಂದೆ, ಮುದ್ದಿಗೆ ನಾವು ಕಣ್ಣು ಅನ್ನುತ್ತೇವೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಹೋದಳು, ನಾನು ನೇರ ಇಲ್ಲಿಗೆ ಬಂದು ಇವರಿಗೆ ಹೇಳಿದೆ, ಹುಡುಗಿ ಎಲ್ಲಿಗೂ ಹೋಗುವುದಿಲ್ಲ, ನೆಮ್ಮದಿಯಾಗಿರಿ ಅಂತ, ತಮಿಳಿನಲ್ಲಿ ಹೇಳಿದೆ, ತಮಿಳಿನಲ್ಲಿ ಈ ತೊಂದರೆಯೇ ಇಲ್ಲ, ಪೋಗಮಾಟ್ಟೇನ್ ಒಂದು ಮೂಲೆ, ಪೋಗಟ್ಟುಮಾ ಇನ್ನೊಂದು ಮೂಲೆ, ಕಿವುಡರಿಗೂ ಗೊತ್ತಾಗುತ್ತದೆ.

ನಮ್ಮ ಮಾತಿನಲ್ಲೇ ಇರುವುದು ಈ ಕಾಟ. ನೇಕಾರರ ಬೀದಿಗಳ ನಮ್ಮ ಮನೆಗಳಲ್ಲಿ ಮಾತ್ರ ಇರುವ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬಸ್ಸಿಗೆ ತಮಿಳು, ರೇಷನ್ನಿಗೆ ತಮಿಳು, ಒಳಗೆ ಓಗು ಬಾ ಉಣ್ಣು. ಮೈಸೂರು ಕಡೆಯಿಂದ ಬ್ಯಾಂಕಿಗೆ ಬಂದ ಹೆಣ್ಣುಮಗಳೊಬ್ಬಳು ಒಮ್ಮೆ ನಕ್ಕಿದ್ದಳು, ಓಗಲ್ಲ ಅಲ್ಲಮ್ಮಾ ಹೋಗಲ್ಲ, ಏಳು ಅಲ್ಲ ಹೇಳು, ಅಂತ, ನಾನೂ ನಕ್ಕೆ, ಅಷ್ಟು ಉಸಿರು ಖರ್ಚು ಮಾಡಿ ಮಾತಾಡುವವರು ನಮ್ಮಲ್ಲಿಲ್ಲ. ಬರೆದು ನೋಡಿದರೆ ಗೊತ್ತಾಗುತ್ತದೇನೋ, ಯಾವ ಅಕ್ಷರ ಎಲ್ಲಿ ಬೀಳುತ್ತದೆ ಅಂತ, ಆದರೆ ನಮ್ಮ ಮಾತನ್ನು ನಾನು ಕಾಗದದ ಮೇಲೆ ಕಂಡವಳೇ ಅಲ್ಲ, ಅದು ಬಾಯಲ್ಲಿ ಹುಟ್ಟಿ ಕಿವಿಯಲ್ಲಿ ಸಾಯುವ ಮಾತು, ನನ್ನ ಕಿವಿಯೋ, ಆಯುಷ್ಯವೆಲ್ಲ ಪವರ್‌ಲೂಮ್ ಪಕ್ಕ ನಿಂತು ಎಡಗಡೆಯದು ಅರ್ಧ ಮುಚ್ಚಿದೆ, ಅದೇ ಕಡೆ ನಿಂತಳು ನೋಡು ಅವಳು. ಒಂದು ವೇಳೆ ಓಗಲಾ ಅಂದದ್ದೇ ಆದರೂ ಬರೀ ಮನೆಗೆ ಹೊರಡಲೇ ಅಂತ ಇರಬಹುದಲ್ಲ — ಇಲ್ಲ, ನಮ್ಮಲ್ಲಿ ಯಾರೂ ಹೊರಡುವಾಗ ಓಗ್ತೀನಿ ಅನ್ನುವುದಿಲ್ಲ, ಬತ್ತೀನಿ ಅನ್ನುತ್ತಾರೆ, ಹೋಗುವುದು ಎಂಬ ಮಾತನ್ನು ಬಾಗಿಲಲ್ಲಿ ಆಡಬಾರದು, ಅವಳ ಅವ್ವ ಪೆರಿಯನಾಯಕಿ ಅಷ್ಟು ಕಲಿಸಿಯೇ ಬೆಳೆಸಿದ್ದಾಳೆ, ಮೇಲಾಗಿ ತಿರುಪ್ಪೂರು ಎಂಬುದು ನನಗೆ ಚೆನ್ನಾಗಿ ಕೇಳಿಸಿತು. ತಿರುಪ್ಪೂರು ಕೇಳಿಸಿತು, ಅಜ್ಜಿ ಕೇಳಿಸಿತು, ನಾ ಕೇಳಿಸಿತು, ಕೊನೆಯದೊಂದು ಮಾತ್ರ ಬಸ್ಸಿನ ಪಾಲಾಯಿತು. ಈ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಬಗ್ಗೆ ಇವರೆಲ್ಲ ಒಂದು ವಾರದಿಂದ ಕೇಳುತ್ತಿರುವುದು ಆ ಒಂದೇ ಮಾತನ್ನು, ಅದನ್ನು ಕೇಳಿಸಿಕೊಳ್ಳಬಲ್ಲವಳು ನಾನೊಬ್ಬಳೇ ಎಂದು ನನ್ನ ಸುತ್ತ ಕೂತಿದ್ದಾರೆ, ಟೀ ಮಾಸ್ಟರ್ ಕೂಡ ನನಗೆ ಸಕ್ಕರೆ ಜಾಸ್ತಿ ಹಾಕುತ್ತಿದ್ದಾನೆ.

ಹಾಗಾದರೆ ಟ್ರೇಡ್ ಇಲ್ಲ, ಅದಲುಬದಲು ಇಲ್ಲ ಅನ್ನಿ, ಎಂದ ಆಟೋ ಕಣ್ಣನ್, ಎಂದು ಬೆಂಚಿನ ಮೇಲಿದ್ದ ಬಿಸ್ಕತ್ತೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡ, ದೀನದಯಾಳನ್ ಅವನ ಕೈ ಹಿಡಿಯಲು ಹೋಗಿ ತಡವಾಯಿತು, ಏ, ಅದು ನಿವೇತಾ ಅಲ್ಲವೇನಯ್ಯಾ — ಏಕೆಂದರೆ ಅವನು ಬೆಂಚಿನ ಮೇಲೆ ಬಿಸ್ಕತ್ತುಗಳನ್ನು ಜೋಡಿಸಿ ಟೀಮು ಮಾಡಿದ್ದ, ಈ ಕಡೆ ನಮ್ಮ ನೊಯ್ಯಲ್ ಕ್ಲಬ್, ಆ ಕಡೆ ತಿರುಪ್ಪೂರು ನಿಟ್ಟರ್ಸ್, ಇಲ್ಲಿಂದ ಒಂದು ಅಲ್ಲಿಗೆ, ಅಲ್ಲಿಂದ ಎರಡು ಇಲ್ಲಿಗೆ. ಪಂಪು ಕಂಪನಿಯಿಂದ ನಿವೃತ್ತನಾದವನು ದೀನದಯಾಳನ್, ಯಂತ್ರದ ಭಾಗ ಬದಲಿಸುವ ಹಾಗೆಯೇ ಮಾತಾಡುತ್ತಾನೆ, ಅಕ್ಕಾ ನೀವು ಬೇಜಾರು ಮಾಡಿಕೊಳ್ಳಬೇಡಿ, ಹುಡುಗಿ ಚಿನ್ನ, ಒಪ್ಪುತ್ತೇನೆ, ಆದರೆ ಫೈನಲ್ಲು ಸೋತದ್ದು ಯಾಕೆ, ರಿಂಗಿನ ಕೆಳಗೆ ಎತ್ತರದವರಿಲ್ಲ, ಮೇಲೆ ತಗುಲಿ ಬಂದ ಬಾಲ್ ಎಲ್ಲ ಅವರ ಕೈಗೆ, ಈಗ ಅವರು ಆ ಉಡುಮಲೈ ಜನನಿಯನ್ನೇ ಕೊಡುತ್ತೇವೆ ಅನ್ನುತ್ತಿದ್ದಾರೆ, ಜೊತೆಗೆ ಇನ್ನೊಬ್ಬಳು, ಇಂಥ ಮಾತು ಮತ್ತೆ ಬರುತ್ತದಾ. ಜನನಿ ಎತ್ತರ ಸರಿ, ಎಂದ ಕಣ್ಣನ್, ಬೆಳಿಗ್ಗೆ ತಿರುಗಲು ಶುರು ಮಾಡಿದರೆ ಮಧ್ಯಾಹ್ನಕ್ಕೆ ತಿರುಗಿ ಮುಗಿಸುತ್ತಾಳೆ, ಅವಳಿಗೆ ಬಾಲ್ ತಂದು ಕೊಡುವವರು ಯಾರು, ನೀವಾ. ನಿವೇತಾ ಇಲ್ಲದೆ ಆ ಬಾಲು ಅರ್ಧ ಕೋರ್ಟು ದಾಟಲ್ಲ. ಆಮೇಲೆ ದಾಸವಾಳದ ಮಾತು ಬಂತು, ಮೂರು ದಿನದಿಂದ ಬರುತ್ತಲೇ ಇದೆ, ನಿವೇತಾ ವಾಟ್ಸಾಪಿನಲ್ಲಿ ನಮ್ಮ ಹಸಿರು ಜರ್ಸಿಯ ಫೋಟೋ ತೆಗೆದು ಒಂದು ದಾಸವಾಳ ಹಾಕಿದ್ದಾಳೆ, ನಿಟ್ಟರ್ಸ್ ಬಣ್ಣ ಕೆಂಪು, ದಾಸವಾಳ ಕೆಂಪು, ಇನ್ನೇನು ಬೇಕು ಎಂದು ದೀನದಯಾಳನ್, ದಾಸವಾಳಕ್ಕೆ ಎಲೆಯೂ ಇದೆಯಲ್ಲ ಎಲೆ ಹಸಿರು ಎಂದು ಕಣ್ಣನ್, ಇಬ್ಬರೂ ಫೋನನ್ನು ನನ್ನ ಕಣ್ಣಿನ ಹತ್ತಿರ ತಂದು ಹಿಡಿದರು, ಅಕ್ಕಾ ನೀವೇ ಹೇಳಿ, ಅಮ್ಮಾ ನೀವೇ ಹೇಳಿ. ಹೂವು ಚೆನ್ನಾಗಿದೆ, ಎಂದೆ. ಕಣ್ಣನ್ ತನ್ನ ಆಟೋದ ಹಿಂದೆ ಪೇಂಟ್ ಹಾಕಿಸಿದ್ದಾನೆ, ನನ್ನ ಮಾತು ನಂಬಿ, ಸೋಮವಾರವೇ, ನಿವೇತಾ ನಮ್ಮವಳು, ಎಲ್ಲಿಗೂ ಹೋಗಲ್ಲ, ಎಂದು ದೊಡ್ಡ ತಮಿಳಕ್ಷರದಲ್ಲಿ, ಅದು ಎದುರಿಗೇ ನಿಂತಿದೆ, ಬಿಸಿಲಿಗೆ ಹೊಳೆಯುತ್ತಿದೆ, ನನ್ನ ಕಿವಿ ಕೇಳಿಸಿಕೊಂಡೋ ಕೇಳಿಸಿಕೊಳ್ಳದೆಯೋ ಹೇಳಿದ್ದು ಪೀಳಮೇಡಿನವರೆಗೂ ಓಡಾಡಿಕೊಂಡು ಬರುತ್ತಿದೆ.

ಟೀ ಮಾಸ್ಟರ್ ಗ್ಲಾಸು ತೊಳೆಯುತ್ತಾ, ಒಂದು ವಿಷಯ, ಎಂದ, ಅವನು ಹಾಗೆ ಶುರು ಮಾಡಿದರೆ ಎಲ್ಲರೂ ಗ್ಲಾಸು ಕೆಳಗಿಡುತ್ತಾರೆ, ಆ ಹುಡುಗಿಯ ತಾಯಿ ಪೆರಿಯನಾಯಕಿ ಕೆಲಸ ಬಿಡುತ್ತಾಳಂತೆ, ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರಿಗೆ ಹೇಳಿಯೂ ಆಯಿತಂತೆ, ಆಡಿ ಮುಗಿದ ಮೇಲೆ ಬರುವುದಿಲ್ಲ ಅಂತ. ಎಲ್ಲರೂ ಒಳಗೊಳಗೇ ಲೆಕ್ಕ ಹಾಕಿದರು. ತಾಯಿ ಯಾಕೆ ಕೆಲಸ ಬಿಡುತ್ತಾಳೆ, ಮಗಳಿಗೆ ಎಲ್ಲೋ ಒಳ್ಳೆಯ ಕೆಲಸ ಕೊಟ್ಟರೆ ತಾನೆ, ನಿಟ್ಟರ್ಸಿನ ಮುದಲಾಳಿ, ಟೀಮಿನ ಧಣಿ, ಆಟಗಾರ್ತಿಯರಿಗೆಲ್ಲ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಕುರ್ಚಿ ಕೊಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತು, ಮತ್ತೆ ಆಡಿ ಮುಗಿಯಲಿ ಅಂತ ಯಾಕೆ, ಆಡಿಯಲ್ಲಿ ಹೊಸದು ಶುರು ಮಾಡಬಾರದು, ಸಹಿ ಹಾಕಬಾರದು, ಅದಕ್ಕೇ. ದೀನದಯಾಳನ್ ಈಗ ಗೆದ್ದವನ ಹಾಗೆ ನಗಬೇಕಿತ್ತು, ನಗಲಿಲ್ಲ, ಬಿಸ್ಕತ್ತುಗಳನ್ನು ನೋಡುತ್ತಾ ಕೂತ, ಟ್ರೇಡ್ ಬೇಕು ಬೇಕು ಎಂದವನೇ ಅವನು, ನಿಜ ಆಗುತ್ತದೆ ಎಂದಾಗ ಯಾಕೆ ಹೀಗೆ ಮುಖ ಸಣ್ಣ ಮಾಡಿದ. ಕಣ್ಣನ್ ನನ್ನ ಕಡೆ ಬಗ್ಗಿದ, ಅಮ್ಮಾ, ಆ ಹುಡುಗಿ ಕನ್ನಡದಲ್ಲಿ ಏನಂತ ಹೇಳಿದ್ದು, ಹಾಗೇ ಹೇಳಿ ನೋಡೋಣ. ನಾನು ಬಾಯಿ ತೆರೆದೆ. ಓಗ — ಎಂದೆ, ಅಲ್ಲಿಗೆ ನಿಂತಿತು, ನಾಲಿಗೆಗೆ ಮುಂದಿನ ದಾರಿ ಗೊತ್ತಿಲ್ಲ, ಎಡಕ್ಕೋ ಬಲಕ್ಕೋ. ಗಂಟಲಿಗೆ ಟೀ ಸಿಕ್ಕಿಕೊಂಡ ಹಾಗೆ ಕೆಮ್ಮಿದೆ, ಮನೆಯಲ್ಲಿ ಹಾಲು ಒಲೆಯ ಮೇಲಿದೆ ಎಂದೆ, ಎದ್ದೆ.

ಹಾಲೂ ಇಲ್ಲ ಒಲೆಯೂ ಇಲ್ಲ, ಕೆರೆಯ ಏರಿಯ ಮೇಲೆ ನಡೆದೆ, ನೀರಿನ ಮೇಲೆ ಗಾಳಿ ಗೆರೆ ಎಳೆಯುತ್ತಿತ್ತು, ಹೆಜ್ಜೆಗೊಂದು ಓಗಲ್ಲ ಹೆಜ್ಜೆಗೊಂದು ಓಗಲಾ. ಈ ಹುಚ್ಚು ನನಗೆ ಎಲ್ಲಿಂದ ಹತ್ತಿತು ಎಂದರೆ ಹಳೆಯ ಮಿಲ್ಲಿನ ಗೇಟಿನಿಂದ, ಅಯ್ಯಾಸಾಮಿಗೆ ಊಟದ ಕ್ಯಾರಿಯರ್ ಹಿಡಿದು ಹೋಗುತ್ತಿದ್ದೆ, ಅವರು ನನ್ನ ಗಂಡ, ಸ್ಪಿನ್ನಿಂಗಿನಲ್ಲಿ ಇದ್ದರು, ಗೇಟಿನ ಪಕ್ಕ ಕೋರ್ಟು, ಹೆಂಗಸರು ಚಡ್ಡಿ ಹಾಕಿಕೊಂಡು ಓಡುವುದು ನೋಡಿ ನಾಚಿ ತಲೆ ತಗ್ಗಿಸಿದೆ, ತಗ್ಗಿಸಿದ ತಲೆಯಲ್ಲೇ ಕಣ್ಣು ಮೇಲೆ ಮಾಡಿ ನೋಡಿದೆ, ಅವತ್ತು ಅವರ ಊಟ ಆರಿಹೋಯಿತು, ಅನ್ನಕ್ಕೆ ಬೈದರು, ನಾನು ಅನ್ನಿಸಿಕೊಂಡು ಮಾರನೇ ದಿನವೂ ನಿಂತೆ. ಮಿಲ್ಲು ಮುಚ್ಚಿತು, ಕೋರ್ಟು ಉಳಿಯಿತು, ಕ್ಲಬ್ಬಿನವರು ಹಿಡಿದುಕೊಂಡರು, ಆಮೇಲೊಂದು ದಿನ ಶಾಲೆಯ ಹುಡುಗಿಯೊಬ್ಬಳು ಅಲ್ಲಿ ಜಾರಿ ಬಿದ್ದು ಅವ್ವಾ ಎಂದಳು, ಅಮ್ಮಾ ಅನ್ನಲಿಲ್ಲ, ಅವ್ವಾ, ನಮ್ಮ ಮನೆಮಾತು, ಮೇಲಿನ ಮೆಟ್ಟಿಲಿನಿಂದ ಕೂಗಿದೆ, ಎದ್ದೇಳು ಕಣ್ಣು, ಮಣ್ಣು ಕೊಡವ್ಕೋ. ಅವಳು ತಿರುಗಿ ನೋಡಿದ್ದು ಇನ್ನೂ ಕಾಣುತ್ತದೆ, ಅಷ್ಟು ಜನರ ನಡುವೆ ತನ್ನ ಮನೆಯ ಅಡಿಗೆಕೋಣೆ ಹೇಗೆ ಬಂತು ಎಂಬ ಹಾಗೆ. ಅವತ್ತಿನಿಂದ ನಾನು ಅಜ್ಜಿ. ಅವಳು ಹತ್ತು ಜನರ ಕಾಲಿನ ಸಂದಿಯಿಂದ ಬಾಲ್ ತೆಗೆದುಕೊಂಡು ಬರುವಾಗ ನನಗೆ ಬೇರೆಲ್ಲ ಮರೆಯುತ್ತದೆ, ಬಿಪಿ ಮಾತ್ರೆ ಮರೆಯುತ್ತದೆ, ಹಾಗಿರುವಾಗ ನಾನು ಓಗಲ್ಲ ಎಂದೇ ಕೇಳಿಸಿಕೊಂಡದ್ದರಲ್ಲಿ ಏನು ಆಶ್ಚರ್ಯ — ಏನೆಂದುಕೊಂಡೆ ಈಗ. ಕೇಳಿಸಿಕೊಂಡೆನಾ, ಆರಿಸಿಕೊಂಡೆನಾ. ಮನೆಗೆ ಬಂದೆ. ಅಯ್ಯಾಸಾಮಿ ಟೀವಿಯ ಮುಂದೆ ಕೂತಿದ್ದರು, ಸೀರಿಯಲ್ಲಿನಲ್ಲಿ ಯಾರೋ ಅಳುತ್ತಿದ್ದರು, ಪರೀಕ್ಷೆ ಮಾಡಿಯೇಬಿಡೋಣ ಎಂದು ಬಾಗಿಲಲ್ಲೇ ನಿಂತು, ಏನುಂಗ, ನಾ ತಿರುಪ್ಪೂರ್ಗೆ ಓಗಲ್ಲ, ಎಂದೆ. ಯಾರು ಓಗು ಅಂದ್ರು, ಎಂದರು. ಸ್ವಲ್ಪ ಬಿಟ್ಟು, ನಾ ತಿರುಪ್ಪೂರ್ಗೆ ಓಗಲಾ, ಎಂದೆ. ಅದೇ ಕೇಳ್ದೆನಲ್ಲ, ಯಾರು ಓಗು ಅಂದ್ರು, ತಿರುಪ್ಪೂರಲ್ಲೇನಿದೆ, ಆಡಿ ತಳ್ಳುಪಡಿ ಸೇಲು ಇಲ್ಲೂ ಹಾಕವ್ರೆ, ಎಂದರು, ಕಣ್ಣು ಟೀವಿಯಿಂದ ತೆಗೆಯಲಿಲ್ಲ. ನೋಡು, ಅವರಿಗೆ ಎರಡೂ ಒಂದೇ ಕೇಳಿಸಿತು. ನನ್ನದು ಮಾತ್ರ ತಪ್ಪಲ್ಲ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ, ತಪ್ಪು ಯಾರದಾದರೇನು, ಮಾತು ಯಾವುದು ಎಂದು ಬೇಕಲ್ಲ ನನಗೆ.

ಬೆಳಿಗ್ಗೆ ಕೋರ್ಟಿಗೆ ಹೋದೆ. ಲೀಗು ಮುಗಿದ ಮೇಲೆ ಅಲ್ಲಿ ಯಾರೂ ಬರುವುದಿಲ್ಲ, ಬೇವಿನ ಎಲೆ ಉದುರಿ ಮೂಲೆಗೆ ಗುಡ್ಡೆಯಾಗಿದೆ, ನಿವೇತಾ ಒಬ್ಬಳೇ ಇದ್ದಳು, ನಾನು ಬಲ್ಲೆ ಇರುತ್ತಾಳೆ ಎಂದು, ಬಾಲ್ ನೆಲಕ್ಕೆ ಬಡಿಯುವುದು ಗೇಟಿನಲ್ಲೇ ಕೇಳಿಸಿತು. ಅಜ್ಜಿ, ಏನು ಇಷ್ಟೊತ್ತಿಗೇ, ಎಂದಳು, ಮುಖ ನಗುವುದಕ್ಕೆ ಹೊರಟು ಅರ್ಧಕ್ಕೆ ನಿಂತಿತು. ನಾನು ಬಲಗಿವಿ ಅವಳ ಕಡೆ ಮಾಡಿ ಕೂತೆ. ಕಣ್ಣು, ಭಾನುವಾರ ನೀ ನಂಗೆ ಏಳಿದ್ದು ಓಗಲ್ಲ ಅಂತಲಾ ಓಗಲಾ ಅಂತಲಾ. ಅವಳು ಬಾಲನ್ನು ಸೊಂಟಕ್ಕೆ ಒತ್ತಿ ಹಿಡಿದಳು. ನಾ ಕೇಳಿದ್ದು ಅಜ್ಜಿ. ಓಗಲಾ ಅಂತ ಕೇಳ್ದೆ. ನೀವು ಹ್ಞೂಂ ಕಣ್ಣು ಅಂದ್ರಿ. ಸರಿ ಅಂತ ಮನೆಗೆ ಓಗಿ ಅವ್ವಂಗೆ ಏಳ್ದೆ, ಅಜ್ಜೀನೂ ಓಗು ಅಂದ್ರು ಅಂತ, ಅವಳು ಆ ಖುಷೀಲಿ ಕೆಲಸ ಬಿಡ್ತೀನಿ ಅಂತ ಏಳಿ ಬಂದ್ಬಿಟ್ಟಳು. ಮಾರನೇ ದಿನ ನೋಡಿದ್ರೆ ಕಣ್ಣನ್ ಅಣ್ಣನ ಆಟೋ ಮೇಲೆ ನನ್ನ ಎಸ್ರು, ನಾ ಎಲ್ಲಿಗೂ ಓಗಲ್ಲ ಅಂತ, ಯಾರು ಏಳಿದ್ದು ಅಂತ ಕೇಳಿದ್ರೆ ಕಮಲಾತಾಳ್ ಅಮ್ಮ ಅಂತಾರೆ. ನಂಗೆ ಒಂದು ಏಳಿ ಅವ್ರಿಗೆ ಒಂದು ಏಳಿದ್ದೀರಿ. ಯಾವ್ದು ಅಜ್ಜಿ ನಿಜ. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಅದೇ ಕಷ್ಟ, ಕೋಪವಿದ್ದರೆ ನಾನೂ ಕೂಗಬಹುದಿತ್ತು, ಅವಳ ಕಣ್ಣ ಕೆಳಗೆ ಕಪ್ಪಾಗಿದೆ, ನಾನು ಒಂದು ಮಾತಿಗೆ ಒದ್ದಾಡುತ್ತಿದ್ದಾಗ ಇವಳೂ ನನ್ನ ಮಾತಿಗೆ ಒದ್ದಾಡಿದ್ದಾಳೆ, ಒಂದೇ ಊರಿನ ಎರಡು ಮನೆಯಲ್ಲಿ. ನಂಗೆ ಸರಿಯಾಗಿ ಕೇಳ್ಲಿಲ್ಲ ಕಣ್ಣು, ಬಸ್ಸು ಬಂತು, ಎಂದೆ. ಬಸ್ಸು, ಎಂದಳು. ಇಬ್ಬರೂ ಗೇಟಿನ ಕಡೆ ನೋಡಿದೆವು, ಆ ಬಸ್ಸು ಇನ್ನೂ ಅಲ್ಲೇ ನಿಂತಿರುವ ಹಾಗೆ. ನನ್ನನ್ಯಾಕೆ ಕೇಳ್ದೆ, ನಾನು ಯಾರು ನಿಂಗೆ, ಎಂದೆ. ಅವಳು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. ಅವ್ವ ಓಗು ಅಂತಾಳೆ, ಅದು ಅವಳ ಕಾಲ್ನೋವು ಏಳೋದು, ದಿನಾ ನಿಂತು ನಿಂತು ಬಾತ್ಕೊಂಡೈತೆ, ನಾ ಅಲ್ಲಿ ಕುರ್ಚೀಲಿ ಕೂತ್ರೆ ಅವಳು ಮನೇಲಿ ಕೂರ್ಬಹುದು. ಕೋಚ್ ಸಾರ್ ಇರು ಅಂತಾರೆ, ಅದು ಅವರ ಟೀಮ್ ಏಳೋದು. ದೀನದಯಾಳನ್ ಮಾಮ ಜನನಿ ಬರ್ಲಿ ಅಂತಾರೆ. ನಿಮಗೆ ಇದ್ರಲ್ಲಿ ಏನೂ ಇಲ್ವಲ್ಲ, ಅದಕ್ಕೇ ಕೇಳ್ದೆ.

ನನಗೆ ಏನೂ ಇಲ್ಲ. ಏನೂ ಇಲ್ಲದವಳು ಭಾನುವಾರ ಹಾರ್ನಿನೊಳಗಿಂದ ತನಗೆ ಬೇಕಾದ್ದನ್ನೇ ಹೆಕ್ಕಿಕೊಂಡು ಓಡಿದೆನಲ್ಲ ಟೀ ಅಂಗಡಿಗೆ. ಸಂಜೆಯಾದರೆ ನನಗೆ ಹೋಗಲು ಇನ್ನೊಂದು ಜಾಗ ಇದೆಯಾ, ಕೋರ್ಟು ಇರುತ್ತದೆ ಸರಿ, ಎದ್ದೇಳು ಕಣ್ಣು ಎಂದು ಕೂಗಿದರೆ ಯಾರು ತಿರುಗುತ್ತಾರೆ, ಜನನಿ ತಿರುಗುತ್ತಾಳಾ, ಅವಳಿಗೆ ತಿರುಗಲು ಮಧ್ಯಾಹ್ನವಾಗುತ್ತದೆ. ಇದನ್ನೆಲ್ಲ ಇವಳಿಗೆ ಹೇಳಲೇ, ಹೇಳಿದರೆ ಇರುತ್ತಾಳೆ, ಅದು ಗೊತ್ತು, ಹೇಳಿದರೆ ಖಂಡಿತ ಇದ್ದುಬಿಡುತ್ತಾಳೆ, ಪೆರಿಯನಾಯಕಿ ಮತ್ತೆ ಸೂಪರ್‌ವೈಸರನ ಮುಂದೆ ಹೋಗಿ ನಿಲ್ಲುತ್ತಾಳೆ. ಬಾಯಿಗೆ ಹ್ಞೂಂ ಬರುತ್ತಿತ್ತು ಮತ್ತೆ, ಹಾಳಾದ ಹ್ಞೂಂ, ಎಲ್ಲದಕ್ಕೂ ಸೇರುವಂಥದ್ದು, ಅದನ್ನು ನುಂಗಿದೆ. ನಿಂಗೆ ಓಗೋಕೆ ಆಸೆ ಇದೆಯಾ, ಎಂದೆ. ಇದೆ ಅಜ್ಜಿ, ಎಂದಳು, ಮೆಲ್ಲಗೆ, ಆದರೆ ಬಲಗಿವಿಗೆ, ಒಂದಕ್ಷರವೂ ತಪ್ಪದೆ ಕೇಳಿಸಿತು. ಓಗಿ ಬಾ, ಎಂದೆ. ಹೇಳಿಯೇಬಿಟ್ಟೆ, ನನ್ನ ದನಿ ಯಾರದೋ ದನಿಯ ಹಾಗೆ ಕೋರ್ಟಿನ ಗೋಡೆಗೆ ಬಡಿದು ಬಂತು. ಅವಳು ನನ್ನ ಕೈ ಹಿಡಿದುಕೊಂಡಳು, ಅಂಗೈಯೆಲ್ಲ ಬಾಲಿನ ಧೂಳು, ಆಡಿ ಮುಗಿದ್ಮೇಲೆ ಸಹಿ, ಕಣ್ಣನ್ ಅಣ್ಣಂಗೆ ನಾನೇ ಏಳ್ತೀನಿ, ನೀವು ಬೈಸ್ಕೋಬೇಡಿ, ಎಂದಳು, ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ಅಜ್ಜಿ, ಓಗಿ ಬಾ ಅಂದ್ರಿ, ಬರೋದು ಅಂದ್ರೆ ಎದುರು ಟೀಮಲ್ಲಿ ಬರ್ಬೇಕಲ್ಲ, ಆವಾಗ ನೀವು ಯಾರಿಗೆ ಕೈ ತಟ್ತೀರಿ.

ಯಾರಿಗೆ. ಹಸಿರಿಗೋ ಕೆಂಪಿಗೋ, ಇವಳು ಓಡಿ ಬಂದು ನಮ್ಮವರ ಕಾಲಿನ ಸಂದಿಯಿಂದಲೇ ಬಾಲ್ ತೆಗೆಯುವಾಗ ನಾನು ಏನೆಂದು ಕೂಗಬೇಕು, ಯಾವ ಭಾಷೆಯಲ್ಲಿ, ಪಕ್ಕದಲ್ಲಿ ದೀನದಯಾಳನ್ ಇರುತ್ತಾನೆ, ಕಣ್ಣನ್ ಇರುತ್ತಾನೆ — ಅವಳು ಉತ್ತರಕ್ಕೆ ಕಾಯಲಿಲ್ಲ, ಗೆರೆಯ ಹತ್ತಿರ ನಿಂತು ಬಾಲನ್ನು ಎತ್ತಿದಳು, ಎಸೆದಳು. ಲೀಗು ಮುಗಿದ ಮೇಲೆ ರಿಂಗಿನ ಬಲೆ ಬಿಚ್ಚಿ ಒಳಗಿಡುತ್ತಾರೆ, ಬರೀ ಕಬ್ಬಿಣದ ಬಳೆ ನಿಂತಿರುತ್ತದೆ ಆಕಾಶಕ್ಕೆ, ಬಾಲ್ ಅದರ ಹತ್ತಿರ ಹೋಯಿತು, ಕೆಳಗೆ ಬಿತ್ತು, ಸದ್ದಿಲ್ಲ, ಬಲೆಯಿದ್ದರೆ ಅಲ್ಲಾಡುತ್ತದೆ, ಒಳಗೆ ಹೋಯಿತು ಎಂದು ಗೊತ್ತಾಗುತ್ತದೆ, ಈಗ ಈ ಮೆಟ್ಟಿಲಿನಿಂದ ನೋಡಿದರೆ ಒಳಗಿನಿಂದ ಬಂತೋ, ಬಳೆಯ ಮುಂದಿನಿಂದ ಹಾಗೇ ಇಳಿಯಿತೋ, ಅವಳ ಬೆನ್ನು ನನ್ನ ಕಡೆ, ಮುಖ ಕಾಣುವುದಿಲ್ಲ, ಕೈ ತಟ್ಟಲೆಂದು ಎತ್ತಿದ ನನ್ನ ಎರಡು ಅಂಗೈ ಎದುರುಬದುರಾಗಿ ಗಾಳಿಯಲ್ಲಿ ನಿಂತಿವೆ, ಮತ್ತೆ ಎಸೆದಳು, ಖಾಲಿ ಬಳೆ, ಬಾಲ್ ಕೆಳಗೆ, ಮತ್ತೆ ಎಸೆದಳು, ಖಾಲಿ ಬಳೆ, ಅದರ ಕೆಳಗೆ ಬಾಲ್, ನನ್ನ ಅಂಗೈ ಇನ್ನೂ ಗಾಳಿಯಲ್ಲೇ.